ಮನೆಯ ಫೈಲ್ ಸರ್ವರ್: 4 ಡಿಸ್ಕ್, ಹೋಗಿ ಬರುವ ಕರೆಂಟ್. ಬೂಟ್ ಯಾವುದರಿಂದ ಮಾಡಿಸುವುದು?

#1 ತೋಟದದಾರಿ

ಶಿರಸಿ ಹತ್ತಿರದ ಹಳ್ಳಿಮನೆಗೆ ಒಂದು ಫೈಲ್ ಸರ್ವರ್ ಜೋಡಿಸಬೇಕಿದೆ. ಫೋಟೊ, ವಿಡಿಯೊ, ಪಹಣಿ ಮತ್ತಿತರ ಕಾಗದಪತ್ರಗಳ ಸ್ಕ್ಯಾನ್, 3 ಲ್ಯಾಪ್‌ಟಾಪ್‌ಗಳ ಬ್ಯಾಕಪ್ ಎಲ್ಲ ಸೇರಿ ಈಗ 5 ಟಿಬಿ ಇದೆ. 8 ಟಿಬಿಯ 4 ಡಿಸ್ಕ್ ಹಾಕುವ ಯೋಚನೆ. ಸಾಫ್ಟ್‌ವೇರ್ ಟ್ರೂನಾಸ್ (ಫೈಲ್ ಸರ್ವರ್‌ಗೆಂದೇ ಇರುವ ಆಪರೇಟಿಂಗ್ ಸಿಸ್ಟಂ), ಮನೆಯೊಳಗೆ ಗಿಗಾಬಿಟ್ ನೆಟ್‌ವರ್ಕ್. ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಹತ್ತಾರು ಸಲ ಹೋಗಿ ಬರುತ್ತದೆ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ.

ಮೂರು ಪ್ರಶ್ನೆ. ಇಂಟೆಲ್ ಎನ್100 ಬೋರ್ಡ್ ಸಾಕೋ, ದೋಷ ಗುರುತಿಸಿ ತಿದ್ದುವ ಇಸಿಸಿ ರ‍್ಯಾಮ್ ಹಿಡಿಯುವ ಬೋರ್ಡೇ ಬೇಕೋ? ಬೂಟ್‌ಗೆ 32 ಜಿಬಿ ಪೆನ್‌ಡ್ರೈವ್ ಸಾಲದೇ? ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್ ಒಂದನ್ನು ಆಪರೇಟಿಂಗ್ ಸಿಸ್ಟಂಗೆ ಬಿಟ್ಟುಕೊಡಲು ಮನಸ್ಸಿಲ್ಲ. 500 ಜಿಬಿ ಎನ್‌ವಿಎಂಇ (ಬೋರ್ಡ್ ಮೇಲೇ ಕೂರುವ ವೇಗದ ಎಸ್‌ಎಸ್‌ಡಿ) ಹಾಕಿ, ಅದರಿಂದಲೇ ಬೂಟ್ ಮಾಡಿ, ಉಳಿದ ಜಾಗದಲ್ಲಿ ಆ್ಯಪ್‌ಗಳನ್ನು ಇಡಲು ಬರುತ್ತದೆಯೇ?

#2 ನೀಲಿತಂತಿ

ಬೂಟ್ ವಿಷಯ ಮೊದಲು. ಪೆನ್‌ಡ್ರೈವ್ ದಯವಿಟ್ಟು ಬೇಡ.

ಪೆನ್‌ಡ್ರೈವ್ ಸಾಕು ಎಂಬ ಸಲಹೆ ಇನ್ನೂ ಓಡಾಡುತ್ತಿರುವುದಕ್ಕೆ ಕಾರಣ ಇದೆ. ಟ್ರೂನಾಸ್‌ನ ಹಳೆಯ ರೂಪವಾದ ಫ್ರೀನಾಸ್ ಪೆನ್‌ಡ್ರೈವ್‌ನಿಂದಲೇ ಓಡಲಿ ಎಂದು ಮಾಡಿದ್ದು. ಬೂಟ್ ಆದ ಮೇಲೆ ಅದಕ್ಕೆ ಬರೆಯುವುದು ಬಹಳ ಕಡಿಮೆ ಇತ್ತು. 2014ರ ಕೊನೆಗೆ 9.3 ಬಂದಾಗ ಬೂಟ್ ಡಿಸ್ಕೂ ಝಡ್‌ಎಫ್‌ಎಸ್ (ಡೇಟಾ ಡಿಸ್ಕ್‌ಗಳಲ್ಲಿ ಫೈಲ್ ಇಡಲು ಬಳಸುವ ವ್ಯವಸ್ಥೆ) ಆಯಿತು. ಅಲ್ಲಿಂದ ಮುಂದೆ ಲೆಕ್ಕ ಬೇರೆ. ಲಾಗ್, ಸೆಟ್ಟಿಂಗ್‌ಗಳ ಡೇಟಾಬೇಸ್, ಅಪ್‌ಡೇಟ್ ಆದಾಗಲೆಲ್ಲ ಹೊಸ ಬೂಟ್ ಎನ್ವಿರಾನ್‌ಮೆಂಟ್ (ಬೇಕೆಂದಾಗ ಮರಳಬಹುದಾದ ಸಿಸ್ಟಂ ಪ್ರತಿ), ಹೀಗೆ ಸಣ್ಣ ಸಣ್ಣ ಬರಹ ನಿಲ್ಲುವುದೇ ಇಲ್ಲ. ಪೆನ್‌ಡ್ರೈವ್‌ನ ಕಂಟ್ರೋಲರ್‌ಗೆ ಈ ಕೆಲಸ ಗೊತ್ತಿಲ್ಲ. ಕೆಲವು ಕೆಬಿ ಬದಲಾಯಿಸಲು ಒಂದಿಡೀ ಬ್ಲಾಕ್ ಅಳಿಸಿ ಮತ್ತೆ ಬರೆಯುತ್ತದೆ. ಸವೆತವನ್ನು ಎಲ್ಲ ಕಡೆ ಹಂಚುವ ಜಾಣತನ ಅದಕ್ಕೆ ಇಲ್ಲ ಎನ್ನುವಷ್ಟು ಕಡಿಮೆ. ಸ್ಮಾರ್ಟ್ ಎಂಬ ಡಿಸ್ಕ್ ಆರೋಗ್ಯದ ಮಾಹಿತಿ ಕೊಡುವುದಿಲ್ಲ, ಹಾಗಾಗಿ ಮುನ್ಸೂಚನೆಯೂ ಇಲ್ಲ.

ಅದು ಸಾಯುವ ರೀತಿಯೇ ನಿಮ್ಮ ಊರಿಗೆ ಅಪಾಯ. ಸರ್ವರ್ ಓಡುತ್ತಿರುವಾಗ ಬೇಕಾದ್ದೆಲ್ಲ ಬಹುಪಾಲು ರ‍್ಯಾಮ್‌ನಲ್ಲಿ ಇರುತ್ತದೆ. ಪೆನ್‌ಡ್ರೈವ್ ಅರ್ಧ ಸತ್ತಿದ್ದರೂ ಫೈಲ್‌ಗಳು ಸಿಗುತ್ತಲೇ ಇರುತ್ತವೆ. ಕರೆಂಟ್ ಹೋಗಿ ಬಂದು ಮತ್ತೆ ಬೂಟ್ ಆಗಬೇಕಾದಾಗ ಮಾತ್ರ ಪರದೆಯ ಮೇಲೆ ಬೂಟ್ ಡಿಸ್ಕ್ ಇಲ್ಲ ಎಂಬ ಸಾಲು ಕಾಣುತ್ತದೆ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವಲ್ಲಿ ಈ ಪರೀಕ್ಷೆ ದಿನವೂ ನಡೆಯುತ್ತದೆ.

120 ಅಥವಾ 128 ಜಿಬಿಯ ಸಾದಾ ಸಾಟಾ ಎಸ್‌ಎಸ್‌ಡಿ ಸಾಕು. 16 ಜಿಬಿ ಕನಿಷ್ಠ ಎನ್ನುತ್ತಾರೆ. ನಾಲ್ಕಾರು ಬೂಟ್ ಎನ್ವಿರಾನ್‌ಮೆಂಟ್ ಸೇರಿದರೆ ಅದು ಇಕ್ಕಟ್ಟು. ಸವೆತದ ಚಿಂತೆ ಇದ್ದರೆ ಲೆಕ್ಕ ಹಾಕಿ: ದಿನಕ್ಕೆ 20 ಜಿಬಿ ಬರೆಯಿತು ಎಂದು ದೊಡ್ಡದಾಗಿಯೇ ಹಿಡಿದರೂ ವರ್ಷಕ್ಕೆ 7.3 ಟಿಬಿ. 40 ಟಿಬಿ ತಾಳಿಕೆಯ ಎಸ್‌ಎಸ್‌ಡಿ ಐದು ವರ್ಷ ದಾಟುತ್ತದೆ. ಪೂಲ್ (ಡೇಟಾ ಡಿಸ್ಕ್‌ಗಳನ್ನು ಒಂದಾಗಿ ಕೂಡಿಸಿದ ಸಂಗ್ರಹ) ಮಾಡಿದ ಮೇಲೆ ಸಿಸ್ಟಂ ಡೇಟಾಸೆಟ್ (ಲಾಗ್ ಮುಂತಾದವು ಇರುವ ಜಾಗ) ಆ ಪೂಲ್‌ನಲ್ಲಿ ಇದೆಯೋ ಎಂದು ಸೆಟ್ಟಿಂಗ್‌ನಲ್ಲಿ ನೋಡಿಕೊಳ್ಳಿ. ಹೆಚ್ಚಿನ ಬರಹ ಅದರದ್ದೇ.

ಮೂರನೇ ಪ್ರಶ್ನೆಗೆ ಉತ್ತರ: ಬರುವುದಿಲ್ಲ. ಟ್ರೂನಾಸ್ ಬೂಟ್ ಡಿಸ್ಕ್ ಪೂರ್ತಿ ತನ್ನದೆನ್ನುತ್ತದೆ. ಇನ್‌ಸ್ಟಾಲರ್ ತಿದ್ದಿ ಪಾರ್ಟಿಷನ್ ಮಾಡುವ ಕೈಚಳಕ ಇದೆ. ಆದರೆ ಮುಂದೆ ಬೂಟ್ ಡಿಸ್ಕ್ ಕೆಟ್ಟು ಹೊಸದಾಗಿ ಇನ್‌ಸ್ಟಾಲ್ ಮಾಡುವ ದಿನ, ಇನ್‌ಸ್ಟಾಲರ್ ಆ ಡಿಸ್ಕನ್ನು ಪೂರ್ತಿ ಅಳಿಸುತ್ತದೆ, ಆ್ಯಪ್‌ಗಳ ಸಮೇತ. ಬೂಟ್ ಡಿಸ್ಕ್ ಎಂದರೆ ಕಿತ್ತು ಬಿಸಾಡಿ ಅರ್ಧ ಗಂಟೆಯಲ್ಲಿ ಬೇರೆಯದನ್ನು ಹಾಕುವಂತೆ ಇರಬೇಕು. ಅದರಲ್ಲಿ ಬೇಕಾದ ವಸ್ತು ಏನೂ ಇರಬಾರದು.

#3 ಕೆಂಪುಗೂಡು

ನೀಲಿತಂತಿ ಸರ್, ಅನ್‌ರೇಡ್ ಎಂಬ ಇನ್ನೊಂದು ಸರ್ವರ್ ಸಾಫ್ಟ್‌ವೇರ್ ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತದಲ್ಲ? ವರ್ಷಗಟ್ಟಲೆ ಓಡಿಸುವವರಿದ್ದಾರೆ.

#4 ನೀಲಿತಂತಿ

ಹೌದು, ಅದಕ್ಕೆ ಸರಿ. ಅನ್‌ರೇಡ್ ಬೂಟ್ ಆಗುವಾಗ ತನ್ನನ್ನು ರ‍್ಯಾಮ್‌ಗೆ ಬಿಚ್ಚಿಕೊಂಡು ಅಲ್ಲಿಂದಲೇ ಓಡುತ್ತದೆ. ಪೆನ್‌ಡ್ರೈವ್‌ಗೆ ಬರೆಯುವುದು ಸೆಟ್ಟಿಂಗ್ ಬದಲಾದಾಗ ಮಾತ್ರ. ಲೈಸೆನ್ಸನ್ನು ಆ ಪೆನ್‌ಡ್ರೈವ್‌ನ ಗುರುತಿನ ಸಂಖ್ಯೆಗೇ ಕಟ್ಟುತ್ತಾರೆ. ಹಾಗಾಗಿ ಅಲ್ಲಿ ನಕಲಿಯಲ್ಲದ, ಸ್ವಂತ ಸಂಖ್ಯೆ ಇರುವ ಪೆನ್‌ಡ್ರೈವ್ ಬೇಕು. ಓಪನ್‌ಮೀಡಿಯಾವಾಲ್ಟ್ ಎಂಬ ಮತ್ತೊಂದು ಸಾಫ್ಟ್‌ವೇರ್‌ನಲ್ಲೂ ಬರಹ ತಗ್ಗಿಸುವ ಪ್ಲಗಿನ್ ಇದೆ. ಟ್ರೂನಾಸ್‌ನಲ್ಲಿ ಅಂಥ ವ್ಯವಸ್ಥೆ ಇಲ್ಲ. ಯಾವುದರಿಂದ ಬೂಟ್ ಎಂಬುದನ್ನು ಆ ಸಾಫ್ಟ್‌ವೇರ್ ಎಷ್ಟು ಬರೆಯುತ್ತದೆ ಎಂಬುದೇ ತೀರ್ಮಾನಿಸುತ್ತದೆ.

ಪೋರ್ಟ್ ನಿಜಕ್ಕೂ ಉಳಿದಿಲ್ಲವಾದರೆ ಸಣ್ಣ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ ಹಿಂದಿನ ಪೋರ್ಟ್‌ಗೆ ಸಿಕ್ಕಿಸಬಹುದು. ಒಳಗಿರುವುದು ನಿಜವಾದ ಎಸ್‌ಎಸ್‌ಡಿ ಆದ್ದರಿಂದ ಪೆನ್‌ಡ್ರೈವ್‌ಗಿಂತ ಎಷ್ಟೋ ಮೇಲು. ಡೇಟಾ ಡಿಸ್ಕ್‌ಗಳನ್ನು ಮಾತ್ರ ಯುಎಸ್‌ಬಿ ಡಬ್ಬಿಯಲ್ಲಿ ಇಡಬೇಡಿ. ಒಂದು ಕ್ಷಣ ಕೊಂಡಿ ಕಳಚಿದರೂ ಪೂಲ್ ಡಿಸ್ಕನ್ನು ಹೊರಗೆ ಹಾಕುತ್ತದೆ.

#5 ಸಣ್ಣಬೆಸುಗೆ

ತೋಟದದಾರಿಯವರೇ, ಪೋರ್ಟ್ ಲೆಕ್ಕ ಬೋರ್ಡ್ ಕೊಳ್ಳುವ ಮೊದಲೇ ಆಗಬೇಕು.

ಎನ್100 ಚಿಪ್‌ನಲ್ಲಿ ಇರುವುದು ಒಟ್ಟು 9 ಪಿಸಿಐಇ 3.0 ಲೇನ್, ಅಂದರೆ ಪ್ರೊಸೆಸರ್‌ಗೆ ಡೇಟಾ ಹೋಗಿ ಬರುವ ದಾರಿಗಳು. ನೆಟ್‌ವರ್ಕ್, ಎಂ.2 (ಎನ್‌ವಿಎಂಇ ಕೂರುವ ಜಾಗ), ಸಾಟಾ ಎಲ್ಲವೂ ಅದರಲ್ಲೇ ಹಂಚಿಕೊಳ್ಳಬೇಕು. 6 ಸಾಟಾ ಪೋರ್ಟ್ ಇರುವ ಎನ್100 ಬೋರ್ಡ್‌ಗಳಲ್ಲಿ ಹೆಚ್ಚಿನವು ಜೆಎಂಬಿ585 ಅಥವಾ ಎಎಸ್‌ಎಂ1166 ಎಂಬ ಹೆಚ್ಚುವರಿ ಚಿಪ್‌ನಿಂದ ಬಂದವು. ಚಿಪ್ ಕೆಟ್ಟದ್ದಲ್ಲ. ಎರಡು ಲೇನ್ ಕೊಟ್ಟಿದ್ದರೆ ಸೆಕೆಂಡಿಗೆ ಸುಮಾರು 1.9 ಜಿಬಿ ಹೋಗುತ್ತದೆ; 4 ಡಿಸ್ಕ್ ಒಟ್ಟಿಗೆ ಓದಿದರೂ 800–900 ಎಂಬಿ. ಒಂದೇ ಲೇನ್ ಆದರೆ ಸ್ಕ್ರಬ್ (ಎಲ್ಲ ಡೇಟಾ ಓದಿ ತಾಳೆ ನೋಡುವ ಕೆಲಸ) ಹೊತ್ತಿಗೆ ಮಿತಿಯ ಅಂಚಿಗೆ ಬರುತ್ತದೆ. ಇದರಲ್ಲಿ ಜೆಎಂಬಿ585 ಇದ್ದರೆ ಪ್ರೊಸೆಸರ್ ಆಳವಾದ ನಿದ್ರೆಗೆ ಇಳಿಯುವುದಿಲ್ಲ, ಖಾಲಿ ಕುಳಿತಾಗಲೂ ಕೆಲವು ವ್ಯಾಟ್ ಹೆಚ್ಚು ತಿನ್ನುತ್ತದೆ.

ಕೆಟ್ಟದ್ದು ಪೋರ್ಟ್ ಮಲ್ಟಿಪ್ಲೈಯರ್, ಒಂದೇ ಸಾಟಾ ಪೋರ್ಟನ್ನು ಹಲವು ಡಿಸ್ಕ್‌ಗೆ ಹಂಚುವ ಚಿಪ್. ಒಂದೇ ಲೇನ್‌ನ ಸಣ್ಣ ಕಾರ್ಡ್‌ನಲ್ಲಿ 8, 10, 16 ಸಾಟಾ ಪೋರ್ಟ್ ಕಂಡರೆ ಒಳಗೆ ಅದೇ ಇರುತ್ತದೆ ಎಂದುಕೊಳ್ಳಿ. ಒಂದು ಡಿಸ್ಕ್ ತಡವರಿಸಿದರೆ ಅದೇ ಮಲ್ಟಿಪ್ಲೈಯರ್‌ನ ಹಿಂದಿರುವ ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ರೀಸೆಟ್ ಆಗುತ್ತವೆ. ಝಡ್‌ಎಫ್‌ಎಸ್ ಕಣ್ಣಿಗೆ ಅದು ನಾಲ್ಕು ಡಿಸ್ಕ್ ಒಂದೇ ಸಲ ಸತ್ತ ಹಾಗೆ.

ಬೋರ್ಡ್‌ನ ಪೋರ್ಟ್ ಸಾಲದಿದ್ದರೆ ಹಳೆಯ ಸರ್ವರ್‌ನಿಂದ ಬಿಚ್ಚಿದ ಎಲ್‌ಎಸ್‌ಐ 9211-8ಐ ಅಥವಾ 9207-8ಐ ಕಾರ್ಡ್ ನೋಡಿ. ಡಿಸ್ಕ್‌ಗಳನ್ನು ಇದ್ದಂತೆಯೇ ತೋರಿಸುವ ಐಟಿ ಮೋಡ್ ಫರ್ಮ್‌ವೇರ್ ಇರಬೇಕು, 9211ಕ್ಕೆ 20.00.07.00. ರೇಡ್ ಫರ್ಮ್‌ವೇರ್ ಇದ್ದರೆ ಡಿಸ್ಕ್‌ನ ನಿಜರೂಪ ಝಡ್‌ಎಫ್‌ಎಸ್‌ಗೆ ಕಾಣುವುದಿಲ್ಲ. ಈ ಕಾರ್ಡ್‌ಗಳು ಸರ್ವರ್‌ನ ಬಿರುಗಾಳಿಯಲ್ಲಿ ತಣ್ಣಗಿರಲೆಂದು ಮಾಡಿದವು. ಮನೆಯ ಕ್ಯಾಬಿನೆಟ್‌ನಲ್ಲಿ ಫ್ಯಾನ್ ಇಲ್ಲದಿದ್ದರೆ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುತ್ತದೆ, ಆಮೇಲೆ ಕಾರಣ ತಿಳಿಯದ ಚೆಕ್‌ಸಮ್ ದೋಷಗಳು ಬರುತ್ತವೆ. 40 ಎಂಎಂ ಫ್ಯಾನ್ ಒಂದನ್ನು ಹೀಟ್‌ಸಿಂಕ್ ಮೇಲೇ ಕಟ್ಟಿ. ಕೇಬಲ್ ಎಸ್‌ಎಫ್‌ಎಫ್-8087ರಿಂದ ನಾಲ್ಕು ಸಾಟಾ, ಅದೂ ಫಾರ್ವರ್ಡ್ ಬ್ರೇಕ್‌ಔಟ್. ರಿವರ್ಸ್ ಕೇಬಲ್ ನೋಡಲು ಹಾಗೇ ಇರುತ್ತದೆ, ಸಿಕ್ಕಿಸಿದರೆ ಡಿಸ್ಕ್ ಕಾಣುವುದೇ ಇಲ್ಲ.

ಪವರ್ ಕೇಬಲ್ ಬಗ್ಗೆ ಒಂದು ಮಾತು. ಮೊಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್‌ಗಳಲ್ಲಿ ಎರಡು ಜಾತಿ. ಪ್ಲಾಸ್ಟಿಕ್ ಎರಕ ಹೊಯ್ದದ್ದರಲ್ಲಿ ತಂತಿಗಳು ಒಳಗೇ ಹತ್ತಿರ ಬಂದು ಶಾರ್ಟ್ ಆಗಿ ಹೊತ್ತಿಕೊಳ್ಳುವ ಅಪಾಯ ಇದೆ. ಹಿಂದಿನಿಂದ ನೋಡಿದರೆ ಒಂದೊಂದು ತಂತಿಯೂ ಒಂದೊಂದು ಪಿನ್‌ಗೆ ಹೋಗುವುದು ಕಾಣಬೇಕು, ಅಂಥದ್ದನ್ನೇ ತೆಗೆದುಕೊಳ್ಳಿ.

#6 ತೋಟದದಾರಿ

ಹಾಗಿದ್ದರೆ ಇಸಿಸಿಗಾಗಿ ಎನ್100 ಬಿಟ್ಟರೆ ಎಷ್ಟು ಕರೆಂಟ್ ಹೆಚ್ಚು ಬೀಳುತ್ತದೆ? ಮತ್ತೆ, ನಾಲ್ಕೂ ಡಿಸ್ಕ್ ಸೇರಿಸಿ ರೇಡ್-ಝಡ್2 (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ) ಮಾಡಬೇಕೆಂದಿದ್ದೆ. ಸರಿಯೇ?

#7 ಸಣ್ಣಬೆಸುಗೆ

ಎನ್100ಗೆ ಇಸಿಸಿ ರ‍್ಯಾಮ್ ಹಾಕಲು ಬರುವುದಿಲ್ಲ, ಇಂಟೆಲ್ ಹೇಳುವ ಮಿತಿಯೂ 16 ಜಿಬಿ, ಒಂದೇ ಚಾನೆಲ್. ಡಿಡಿಆರ್5 ಚಿಪ್‌ನೊಳಗೇ ಇಸಿಸಿ ಇದೆಯಲ್ಲ ಎನ್ನುವವರಿಗೆ: ಅದು ಚಿಪ್ ತನ್ನೊಳಗಿನ ದೋಷ ಮುಚ್ಚಿಕೊಳ್ಳಲು ಮಾತ್ರ. ರ‍್ಯಾಮ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಏನಾದರೂ ಆದರೆ ಅದಕ್ಕೆ ಗೊತ್ತಾಗುವುದಿಲ್ಲ, ನಿಮಗೆ ವರದಿಯೂ ಬರುವುದಿಲ್ಲ.

ಇಸಿಸಿ ಬೇಕೆಂದರೆ ಸುಲಭದ ದಾರಿ ರೈಜನ್ ಪ್ರೊ 4650ಜಿ ಅಥವಾ 5650ಜಿ. ಗ್ರಾಫಿಕ್ಸ್ ಇರುವ ರೈಜನ್‌ಗಳಲ್ಲಿ ಈ ತಲೆಮಾರಿನ ಪ್ರೊಗೆ ಮಾತ್ರ ಇಸಿಸಿ, 5600ಜಿಗೆ ಇಲ್ಲ. ಬೋರ್ಡ್‌ನ ಕೈಪಿಡಿಯಲ್ಲಿ ಇಸಿಸಿ ಕೆಲಸ ಮಾಡುತ್ತದೆ ಎಂದು ಬರೆದಿರಬೇಕು. ಇಸಿಸಿ ರ‍್ಯಾಮ್ ಕೂರುತ್ತದೆ ಎನ್ನುವುದು ಬೇರೆ, ಕೆಲಸ ಮಾಡುತ್ತದೆ ಎನ್ನುವುದು ಬೇರೆ. ಜೋಡಿಸಿದ ಮೇಲೆ ಡಿಎಂಐಡಿಕೋಡ್ ಆದೇಶದಲ್ಲಿ ಮೆಮೊರಿ ವಿವರ ತೆಗೆಯಿರಿ: ಒಟ್ಟು ಅಗಲ 72 ಬಿಟ್, ಡೇಟಾ ಅಗಲ 64 ಬಿಟ್ ಎಂದಿರಬೇಕು. ಎರಡೂ 64 ಆದರೆ ಇಸಿಸಿ ಮಲಗಿದೆ ಎಂದರ್ಥ. ಕರ್ನಲ್ ಲಾಗ್‌ನಲ್ಲಿ ಇಡಿಎಸಿ (ರ‍್ಯಾಮ್ ದೋಷ ವರದಿ ಮಾಡುವ ಭಾಗ) ಚಾಲನೆಯಾದ ಸಾಲೂ ಕಾಣಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಹಳೆಯ ಸರ್ವರ್ ರ‍್ಯಾಮ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅವು ಬಹುತೇಕ ಬಫರ್ ಇರುವ ಆರ್‌ಡಿಐಎಂಎಂ. ಈ ಬೋರ್ಡ್‌ಗಳಿಗೆ ಬೇಕಾದದ್ದು ಬಫರ್ ಇಲ್ಲದ ಇಸಿಸಿ ಯುಡಿಐಎಂಎಂ.

ಕರೆಂಟ್: ಡಿಸ್ಕ್ ಬಿಟ್ಟು ಎನ್100 ಬೋರ್ಡ್ 10–15 ವ್ಯಾಟ್, ರೈಜನ್ ಪ್ರೊ 20–25 ವ್ಯಾಟ್ ಎಂದು ಹಿಡಿಯಿರಿ. ವ್ಯತ್ಯಾಸ 10 ವ್ಯಾಟ್, ಅಂದರೆ ತಿಂಗಳಿಗೆ 7.2 ಯೂನಿಟ್. 4 ಡಿಸ್ಕ್ ತಿರುಗುತ್ತಾ ಸುಮ್ಮನಿದ್ದರೆ ಮತ್ತೆ 20 ವ್ಯಾಟ್. ಒಟ್ಟು 45 ವ್ಯಾಟ್‌ಗೆ ತಿಂಗಳಿಗೆ 32 ಯೂನಿಟ್. ಗೃಹಜ್ಯೋತಿ ಇರುವ ಮನೆಯಾದರೆ ಇದನ್ನು ಗಂಭೀರವಾಗಿ ಲೆಕ್ಕ ಹಾಕಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಮೀರಿದ ಯೂನಿಟ್‌ಗೆ ಮಾತ್ರ ಅಲ್ಲ.

ನನ್ನ ಅಭಿಪ್ರಾಯ: ದಾಖಲೆ, ಫೋಟೊ ಬೇರೆಲ್ಲೂ ಮೂಲಪ್ರತಿ ಇಲ್ಲದವು ಆದ್ದರಿಂದ ಇಸಿಸಿ ತೆಗೆದುಕೊಳ್ಳಿ. ರ‍್ಯಾಮ್ 16 ಜಿಬಿ ಸಾಕು. ಒಂದು ಟಿಬಿ ಡಿಸ್ಕ್‌ಗೆ 1 ಜಿಬಿ ರ‍್ಯಾಮ್ ಎಂಬ ಸೂತ್ರವನ್ನು ಈ ಗಾತ್ರದ ಮನೆಗೆ ಹಿಡಿಯಬೇಕಿಲ್ಲ. ಗಿಗಾಬಿಟ್‌ನಲ್ಲಿ ಹೋಗುವುದೇ ಸೆಕೆಂಡಿಗೆ 110 ಎಂಬಿ ಚಿಲ್ಲರೆ, ಒಂದೇ ಡಿಸ್ಕ್ ಅದಕ್ಕಿಂತ ವೇಗ. ಕ್ಯಾಶ್‌ಗೆ ಎಸ್‌ಎಸ್‌ಡಿ ಹಾಕುವ ಖರ್ಚು ಬೇಡವೇ ಬೇಡ. ಡೀಡ್ಯೂಪ್ (ಒಂದೇ ಡೇಟಾದ ನಕಲುಗಳನ್ನು ಒಂದಾಗಿಸುವುದು) ಆನ್ ಮಾಡಬೇಡಿ.

#8 ಎರಡನೇಪ್ರತಿ

ರೇಡ್-ಝಡ್2 ಬಗ್ಗೆ ನನ್ನದು ಬೇರೆ ಮಾತು. 4 ಡಿಸ್ಕ್‌ನ ಝಡ್2ರಲ್ಲಿ ಸಿಗುವುದು 16 ಟಿಬಿ. ಒಂದು ಡಿಸ್ಕ್ ಕೆಟ್ಟರೆ ಮಾತ್ರ ತಡೆಯುವ, 3 ಡಿಸ್ಕ್‌ನ ಝಡ್1ರಲ್ಲಿ ಸಿಗುವುದೂ 16 ಟಿಬಿಯೇ. ನಾಲ್ಕನೇ ಡಿಸ್ಕನ್ನು ಪೆಟ್ಟಿಗೆಯಿಂದ ಹೊರಗಿಟ್ಟು, ತಿಂಗಳಿಗೊಮ್ಮೆ ಸಿಕ್ಕಿಸಿ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ಪ್ರತಿ) ಕಳಿಸಿ, ಮತ್ತೆ ತೆಗೆದು ಬೇರೆ ಮನೆಯಲ್ಲಿ ಇಡಿ. ಸಿಡಿಲು ಬಡಿದರೆ, ಕಳ್ಳತನವಾದರೆ, ರ‍್ಯಾನ್ಸಮ್‌ವೇರ್ ಹೊಕ್ಕರೆ ಒಳಗಿನ ನಾಲ್ಕೂ ಡಿಸ್ಕ್ ಒಟ್ಟಿಗೆ ಹೋಗುತ್ತವೆ. 5 ಟಿಬಿ ಡೇಟಾಗೆ 8 ಟಿಬಿಯ ಒಂದು ಡಿಸ್ಕ್ ಸಲೀಸಾಗಿ ಸಾಕು.

#9 ನೀಲಿತಂತಿ

ಎರಡನೇಪ್ರತಿಯವರ ಲೆಕ್ಕ ಸರಿ, ಒಂದು ಎಚ್ಚರಿಕೆಯೊಂದಿಗೆ. ಓಪನ್‌ಝಡ್‌ಎಫ್‌ಎಸ್ 2.3ರಿಂದ ರೇಡ್-ಝಡ್‌ಗೆ ಒಂದೊಂದೇ ಡಿಸ್ಕ್ ಸೇರಿಸಿ ಹಿಗ್ಗಿಸಬಹುದು; ಟ್ರೂನಾಸ್ 24.10ರಲ್ಲೇ ಅದು ಬಂದಿತ್ತು. ಆದರೆ ಝಡ್1 ಆಗಿ ಹುಟ್ಟಿದ್ದು ಝಡ್2 ಆಗುವುದಿಲ್ಲ. ಇವತ್ತಿನ ತೀರ್ಮಾನ ಪೂಲ್ ಇರುವವರೆಗೆ. ಬ್ಯಾಕಪ್ ಡಿಸ್ಕ್ ಕೊಳ್ಳಲು ಹಣ ಇಲ್ಲ ಎಂದಾದರೆ ಮಾತ್ರ 3+1 ಮಾಡಿ. ಐದನೇ ಡಿಸ್ಕ್ ಕೊಳ್ಳಬಲ್ಲಿರಾದರೆ ಝಡ್2 ಮಾಡಿ, ಹೊರಗೊಂದು ಇಡಿ. ಒಂದು ಡಿಸ್ಕ್ ಕೆಟ್ಟು ಹೊಸದು ಹಳ್ಳಿಗೆ ಬರಲು ವಾರ ಹಿಡಿಯುತ್ತದೆ, ಆ ವಾರದಲ್ಲಿ ಝಡ್1ಕ್ಕೆ ಆಸರೆ ಏನೂ ಉಳಿದಿರುವುದಿಲ್ಲ.

ಡಿಸ್ಕ್ ಸಿಎಂಆರ್ ಆಗಿರಲಿ, ಅಂದರೆ ಬರೆಯುವ ಪಟ್ಟಿಗಳು ಬೇರೆ ಬೇರೆಯಾಗಿ ಇರುವಂಥದ್ದು. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿಯ ಇಎಫ್‌ಎಎಕ್ಸ್ ಮಾದರಿಗಳು ಎಸ್‌ಎಂಆರ್ ಎಂದು ಹೊರಬಿತ್ತು. ಆಮೇಲೆ ಸಿಎಂಆರ್ ಇರುವವನ್ನು ರೆಡ್ ಪ್ಲಸ್ ಎಂದು ಕರೆದರು. ಎಸ್‌ಎಂಆರ್‌ನಲ್ಲಿ ಪಟ್ಟಿಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಎತ್ತಿ ಮತ್ತೆ ಹೊದಿಸಬೇಕು. ದಿನಬಳಕೆಯಲ್ಲಿ ಗೊತ್ತಾಗುವುದಿಲ್ಲ, ರಿಸಿಲ್ವರ್ (ಬದಲಿ ಡಿಸ್ಕ್‌ಗೆ ಡೇಟಾ ಮತ್ತೆ ತುಂಬುವುದು) ಮಾಡುವಾಗ ದಿನಗಟ್ಟಲೆ ಎಳೆಯುತ್ತದೆ, ಕೆಲವೊಮ್ಮೆ ಡಿಸ್ಕ್ ಉತ್ತರ ಕೊಡದೆ ಪೂಲ್‌ನಿಂದ ಹೊರಬೀಳುತ್ತದೆ.

#10 ಬಯಲುಗಾಳಿ

ಕರೆಂಟ್ ಹೋದಾಗ ಸರ್ವರ್ ಕಾಪಾಡುವ ವಿಷಯ ಯಾರೂ ಎತ್ತಲಿಲ್ಲ. ಈ ಊರಿನ ಸರ್ವರ್‌ಗೆ ಪ್ರೊಸೆಸರ್‌ಗಿಂತ ಅದೇ ದೊಡ್ಡದು.

ಇನ್ವರ್ಟರ್ ಇದೆ ಎಂದಿರಿ. ಮೊದಲು ಅದರ ಹಿಂದೆ ಇರುವ ಸ್ವಿಚ್ ನೋಡಿ. ಯುಪಿಎಸ್ ಮೋಡ್‌ನಲ್ಲಿ ಇಟ್ಟರೆ ಬದಲಾವಣೆ ಸುಮಾರು 10 ಮಿಲಿಸೆಕೆಂಡ್‌ನಲ್ಲಿ ಆಗುತ್ತದೆ. ಸಾಮಾನ್ಯ ಮೋಡ್‌ನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಎಟಿಎಕ್ಸ್ ಪವರ್ ಸಪ್ಲೈ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳಬೇಕು ಎಂಬುದು ಮಾನದಂಡ. ಲೋಡ್ ಕಡಿಮೆ ಇದ್ದಷ್ಟೂ ಹೆಚ್ಚು ಹೊತ್ತು ತಡೆಯುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಸರ್ವರ್ ಅದರ ಮೇಲೆ ಬೇಡ. ಆ್ಯಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಪವರ್ ಸಪ್ಲೈಗಳೇ ಅದರಲ್ಲಿ ಗುಂಯ್‌ಗುಡುತ್ತವೆ, ಆರಿಹೋಗುತ್ತವೆ. ಪ್ಯೂರ್ ಸೈನ್ ವೇವ್ ಇರಲಿ.

ಇನ್ವರ್ಟರ್‌ನ ದೊಡ್ಡ ಕೊರತೆ ಎಂದರೆ ಅದು ಸರ್ವರ್‌ಗೆ ಏನೂ ಹೇಳುವುದಿಲ್ಲ. ಬ್ಯಾಟರಿ ಮುಗಿದಾಗ ದಢಕ್ಕನೆ ಆರುತ್ತದೆ. ಅದಕ್ಕೇ ಇನ್ವರ್ಟರ್ ಮತ್ತು ಸರ್ವರ್ ನಡುವೆ 600 ವಿಎ ಯುಪಿಎಸ್ ಒಂದನ್ನು ಹಾಕಿ, ಯುಎಸ್‌ಬಿ ಪೋರ್ಟ್ ಇರುವಂಥದ್ದು. ನಮ್ಮಲ್ಲಿ ಸಿಗುವ ಅಗ್ಗದ ಯುಪಿಎಸ್‌ಗಳಲ್ಲಿ ಬಹಳಷ್ಟಕ್ಕೆ ಆ ಪೋರ್ಟೇ ಇಲ್ಲ, ಡಬ್ಬಿಯ ಹಿಂಭಾಗದ ಚಿತ್ರ ನೋಡಿಯೇ ತೆಗೆದುಕೊಳ್ಳಿ. ಟ್ರೂನಾಸ್‌ನಲ್ಲಿ ಯುಪಿಎಸ್ ಜೊತೆ ಮಾತಾಡುವ ನಟ್ ಎಂಬ ಸೇವೆ ಇದೆ. ಯುಎಸ್‌ಬಿಎಚ್‌ಐಡಿ ಡ್ರೈವರ್ ಹಿಡಿಯದಿದ್ದರೆ ನಟ್‌ಡಿಆರ್‌ವಿ-ಕ್ಯೂಎಕ್ಸ್ ಪ್ರಯತ್ನಿಸಿ. ಒಳಗಿರುವ 12 ವೋಲ್ಟ್ 7 ಎಎಚ್ ಬ್ಯಾಟರಿ ಹೊಸದಿದ್ದಾಗ 60 ವ್ಯಾಟ್ ಸರ್ವರನ್ನು ಅರ್ಧ ಗಂಟೆಯ ಹತ್ತಿರ ಎಳೆಯುತ್ತದೆ. ಎರಡು ವರ್ಷ ಕಳೆದರೆ ಅರ್ಧಕ್ಕಿಂತ ಕಡಿಮೆ. ಮೂರನೇ ವರ್ಷಕ್ಕೆ ಕಾಯದೆ ಬದಲಿಸಿ.

ಯುಪಿಎಸ್‌ಗೆ ಕರೆಂಟ್ ಇನ್ವರ್ಟರ್‌ನಿಂದಲೇ ಬರುವುದರಿಂದ ಅದು ಬ್ಯಾಟರಿಗೆ ಹೋಯಿತೆಂದರೆ ಇನ್ವರ್ಟರ್ ಕೂಡ ಕೈಚೆಲ್ಲಿದೆ ಎಂದರ್ಥ. ಆದ್ದರಿಂದ 60 ಸೆಕೆಂಡ್ ಕಾದು ಶಟ್‌ಡೌನ್ ಎಂದು ಇಡಬಹುದು. ನೇರ ಮೇನ್ಸ್‌ಗೆ ಸಿಕ್ಕಿಸಿದ್ದರೆ 300 ಸೆಕೆಂಡ್ ಇಡಿ, ಇಲ್ಲವಾದರೆ ಪ್ರತಿ ಮಿಣುಕಿಗೂ ಸರ್ವರ್ ಮಲಗುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್) ಕರೆಂಟ್ ಬಂದಾಗ ತಾನೇ ಆನ್ ಆಗಲಿ ಎಂದು ಇಟ್ಟಿರುತ್ತೀರಿ. ಯುಪಿಎಸ್ ಹೇಳಿದಂತೆ ಸರ್ವರ್ ಶಟ್‌ಡೌನ್ ಆಯಿತು. ಅಷ್ಟರಲ್ಲಿ ಕರೆಂಟ್ ಬಂತು. ಯುಪಿಎಸ್‌ನ ಔಟ್‌ಪುಟ್ ಮಧ್ಯದಲ್ಲಿ ಕಡಿದೇ ಇಲ್ಲ, ಹಾಗಾಗಿ ಬೋರ್ಡ್‌ಗೆ ಕರೆಂಟ್ ಹೋಗಿ ಬಂದದ್ದು ತಿಳಿಯುವುದಿಲ್ಲ. ಸರ್ವರ್ ಆರಿದ್ದು ಆರಿದ್ದೇ. ಯುಪಿಎಸ್ ಸೆಟ್ಟಿಂಗ್‌ನಲ್ಲಿ ಶಟ್‌ಡೌನ್ ಆದ ಮೇಲೆ ಯುಪಿಎಸ್ಸನ್ನೂ ಆರಿಸು ಎಂಬ ಗುರುತು ಹಾಕಿ. ಆಗ ಔಟ್‌ಪುಟ್ ಕಡಿದು ಮತ್ತೆ ಬರುತ್ತದೆ, ಸರ್ವರ್ ಎದ್ದೇಳುತ್ತದೆ.

ಅರ್ತಿಂಗ್ ನೋಡಿ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮಲ್ಟಿಮೀಟರ್ ಇಟ್ಟರೆ 2–3 ವೋಲ್ಟ್ ಒಳಗೆ ಇರಬೇಕು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತದೆ ಎಂದರೆ ಅರ್ತ್ ತಂತಿ ಎಲ್ಲೋ ಇಲ್ಲ. ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್‌ಗಳು ಕ್ಯಾಬಿನೆಟ್ ಮೇಲೆ ಸುಮಾರು 115 ವೋಲ್ಟ್ ತೇಲಿಸುತ್ತಿವೆ.

ಸಿಡಿಲು ಹೆಚ್ಚಿನ ಸಲ ಒಳಗೆ ಬರುವುದು ಉದ್ದದ ತಾಮ್ರದ ತಂತಿಯಲ್ಲಿ. ರೌಟರ್‌ನಿಂದ ಸರ್ವರ್‌ಗೆ ಲ್ಯಾನ್ ಕೇಬಲ್ ಅಂಗಳ ದಾಟುತ್ತಿದ್ದರೆ ಎರಡು ಗಿಗಾಬಿಟ್ ಮೀಡಿಯಾ ಕನ್ವರ್ಟರ್ ಹಾಕಿ ನಡುವೆ ಫೈಬರ್ ಎಳೆಯಿರಿ. ಮೇನ್ಸ್ ದಾರಿಗೆ ಮೀಟರ್ ಬೋರ್ಡ್‌ನಲ್ಲಿ ಸರ್ಜ್ ಪ್ರೊಟೆಕ್ಟರ್.

#11 ಡೆಬಿಯನ್‌ಮನೆ

ಬಯಲುಗಾಳಿಯವರು ಹೇಳಿದ್ದಕ್ಕೆ ಒಂದು ಸೇರ್ಪಡೆ: ಬೋರ್ಡ್‌ನ ಸಿಆರ್2032 ಸೆಲ್. ಹಳೆಯ ಬೋರ್ಡ್ ಕೊಂಡರೆ ಮೊದಲ ದಿನವೇ ಹೊಸ ಸೆಲ್ ಹಾಕಿ. ಸೆಲ್ ಸತ್ತಿದ್ದರೆ ಉದ್ದದ ಕರೆಂಟ್ ಕಡಿತದ ನಂತರ ಬಯಾಸ್ ಮೂಲಸ್ಥಿತಿಗೆ ಹೋಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಸಾಟಾ ಮೋಡ್ ರೇಡ್‌ಗೆ ತಿರುಗುತ್ತದೆ, ಬೂಟ್ ಕ್ರಮ ಅಳಿಯುತ್ತದೆ, ತಾನೇ ಆನ್ ಆಗುವ ಸೆಟ್ಟಿಂಗೂ ಹೋಗುತ್ತದೆ. ಜನ ಎಸ್‌ಎಸ್‌ಡಿಯನ್ನು ದೂರುತ್ತಾರೆ, ಕೆಟ್ಟಿರುವುದು ಒಂದು ಗುಂಡಿ ಸೆಲ್.

ಟ್ರೂನಾಸ್ ಬದಲು ಸಾದಾ ಡೆಬಿಯನ್ ಲಿನಕ್ಸ್, ಫೈಲ್ ಹಂಚಲು ಸಾಂಬಾ ಹಾಕುವವರಿಗೆ: ಎರಡು ಎಸ್‌ಎಸ್‌ಡಿಯಲ್ಲಿ ರೂಟ್ (ಸಿಸ್ಟಂ ಇರುವ ಭಾಗ) ಮಿರರ್ ಮಾಡಿದ ಮಾತ್ರಕ್ಕೆ ಬೂಟ್ ಮಿರರ್ ಆಗಲಿಲ್ಲ. ಬೂಟ್ ಕಡತಗಳಿರುವ ಇಎಫ್‌ಐ ಪಾರ್ಟಿಷನ್ ಫ್ಯಾಟ್32, ಇನ್‌ಸ್ಟಾಲರ್ ಅದನ್ನು ಮೊದಲ ಡಿಸ್ಕ್‌ನಲ್ಲಿ ಮಾತ್ರ ತುಂಬುತ್ತದೆ. ಎರಡನೇ ಡಿಸ್ಕ್‌ನಲ್ಲೂ ಅಷ್ಟೇ ಗಾತ್ರದ ಪಾರ್ಟಿಷನ್ ಮಾಡಿ, ಒಳಗಿರುವುದನ್ನು ನಕಲಿಸಿ, ಇಎಫ್‌ಐಬೂಟ್‌ಎಂಜಿಆರ್ ಆದೇಶದಿಂದ ಅದಕ್ಕೂ ನಮೂದು ಸೇರಿಸಿ. ಜೊತೆಗೆ ಬೂಟ್‌ಎಕ್ಸ್64 ಹೆಸರಿನ ಬದಲಿ ಕಡತವನ್ನೂ ಇಡಿ, ನಮೂದು ಅಳಿಸಿಹೋದರೂ ಬೋರ್ಡ್ ಅದನ್ನು ಹುಡುಕಿಕೊಳ್ಳುತ್ತದೆ. ಗ್ರಬ್ (ಸಿಸ್ಟಂ ಎಬ್ಬಿಸುವ ಬೂಟ್‌ಲೋಡರ್) ಅಪ್‌ಡೇಟ್ ಆದಾಗ ಎರಡನೆಯದಕ್ಕೂ ನಕಲಾಗಬೇಕು. ಆಮೇಲೆ ಮೊದಲ ಎಸ್‌ಎಸ್‌ಡಿಯ ಕೇಬಲ್ ಕಿತ್ತು ಬೂಟ್ ಮಾಡಿ ನೋಡಿ. ಕಿತ್ತು ನೋಡದ ಮಿರರನ್ನು ನಂಬಬೇಡಿ.

#12 ಎರಡನೇಪ್ರತಿ

ಟ್ರೂನಾಸ್‌ನಲ್ಲಿ ಬೂಟ್ ಮಿರರ್ ಮಾಡಿದರೆ ಬೂಟ್‌ಲೋಡರ್ ಎರಡಕ್ಕೂ ಅದೇ ಹಾಕುತ್ತದೆ, ಅಷ್ಟು ಸಲೀಸು. ಆದರೆ ಈ ಮನೆಗೆ ಎರಡನೇ ಬೂಟ್ ಡಿಸ್ಕ್ ಬೇಕಿಲ್ಲ. ಒಂದು ಪೋರ್ಟ್ ಉಳಿಸಿ, ಕಾನ್ಫಿಗರೇಷನ್ ಫೈಲ್ ಇಟ್ಟುಕೊಳ್ಳಿ.

ಸಿಸ್ಟಂ ಸೆಟ್ಟಿಂಗ್‌ನ ಜನರಲ್ ಪುಟದಲ್ಲಿ ಕಾನ್ಫಿಗರೇಷನ್ ಡೌನ್‌ಲೋಡ್ ಇದೆ. ಒತ್ತಿದಾಗ ಸೀಕ್ರೆಟ್ ಸೀಡ್ ಸೇರಿಸಲೇ ಎಂದು ಕೇಳುತ್ತದೆ. ಆ ಚೌಕಕ್ಕೆ ಗುರುತು ಹಾಕಲೇಬೇಕು. ಇಲ್ಲವಾದರೆ ಹೊಸ ಇನ್‌ಸ್ಟಾಲ್‌ನಲ್ಲಿ ಶೇರ್‌ಗಳು, ಬಳಕೆದಾರರ ಪಟ್ಟಿ ಎಲ್ಲ ಬರುತ್ತದೆ, ಗೂಢಲಿಪಿಯಲ್ಲಿಟ್ಟ ಗುಪ್ತಪದಗಳು ಮಾತ್ರ ತೆರೆಯುವುದಿಲ್ಲ. ಡೇಟಾಸೆಟ್ ಎನ್‌ಕ್ರಿಪ್ಟ್ ಮಾಡಿದ್ದರೆ ಅದರ ಕೀಲಿಯನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ. ಈ ಎರಡು ಫೈಲ್‌ಗಳನ್ನು ಅದೇ ಸರ್ವರ್‌ನ ಪೂಲ್‌ನಲ್ಲಿ ಇಟ್ಟರೆ ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗೆ. ಫೋನ್‌ನಲ್ಲಿ ಒಂದು, ಬೇರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದು ಇರಲಿ.

ಎಸ್‌ಎಸ್‌ಡಿ ಸತ್ತ ದಿನ: ಡೇಟಾ ಡಿಸ್ಕ್‌ಗಳ ಕೇಬಲ್ ಕಳಚಿ, ಆಗ ತಪ್ಪು ಡಿಸ್ಕ್‌ಗೆ ಇನ್‌ಸ್ಟಾಲ್ ಆಗುವ ಭಯ ಇಲ್ಲ. ಹೊಸ ಎಸ್‌ಎಸ್‌ಡಿಗೆ ಅದೇ ಆವೃತ್ತಿಯನ್ನು ಹಾಕಿ, ಆರಿಸಿ, ಡಿಸ್ಕ್‌ಗಳನ್ನು ಮತ್ತೆ ಜೋಡಿಸಿ, ಬೂಟ್ ಮಾಡಿ ಕಾನ್ಫಿಗರೇಷನ್ ಅಪ್‌ಲೋಡ್ ಮಾಡಿ. ಅದು ತಾನೇ ರೀಬೂಟ್ ಆಗಿ ಪೂಲ್ ಎತ್ತಿಕೊಳ್ಳುತ್ತದೆ.

#13 ಕೆಂಪುಗೂಡು

ಹೊಸದಾಗಿ ಜೋಡಿಸುವ ಬದಲು ಹಳೆಯ ಎಚ್‌ಪಿ ಮೈಕ್ರೋಸರ್ವರ್ ಜೆನ್8 ಕೊಂಡರೆ? 4 ಡಿಸ್ಕ್ ಜಾಗ, ಇಸಿಸಿ, ಎಲ್ಲ ಇದೆ.

#14 ನೀಲಿತಂತಿ

ಪೆಟ್ಟಿಗೆ ಚೆನ್ನಾಗಿದೆ, ಬೂಟ್ ವಿಷಯದಲ್ಲೇ ತೊಡಕು. 2013ರದ್ದು, ಡಿಡಿಆರ್3 ಇಸಿಸಿ, ಹೆಚ್ಚೆಂದರೆ 16 ಜಿಬಿ. ಡಿವಿಡಿಗೆಂದು ಇಟ್ಟ ಐದನೇ ಸಾಟಾ ಪೋರ್ಟ್‌ಗೆ ಎಸ್‌ಎಸ್‌ಡಿ ಹಾಕಬಹುದು, ಪವರ್ ಅಲ್ಲಿ ಫ್ಲಾಪಿಯ ಸಣ್ಣ 4 ಪಿನ್ ಕನೆಕ್ಟರ್, ಅದಕ್ಕೆ ಅಡಾಪ್ಟರ್ ಬೇಕು. ಆದರೆ ಡಿಸ್ಕ್‌ಗಳನ್ನು ನೇರ ತೋರಿಸುವ ಎಎಚ್‌ಸಿಐ ಮೋಡ್‌ನಲ್ಲಿ ಮುಂದಿನ ಜಾಗಗಳಲ್ಲಿ ಡಿಸ್ಕ್ ಇರುವಾಗ ಬಯಾಸ್ ಐದನೇ ಪೋರ್ಟ್‌ನಿಂದ ಬೂಟ್ ಮಾಡುವುದಿಲ್ಲ. ಒಳಗಿನ ಮೈಕ್ರೋಎಸ್‌ಡಿ ಅಥವಾ ಯುಎಸ್‌ಬಿಯಲ್ಲಿ ಗ್ರಬ್ ಮಾತ್ರ ಇಟ್ಟು, ಅದರಿಂದ ಎಸ್‌ಎಸ್‌ಡಿಗೆ ದಾಟಿಸಬೇಕು. ರೇಡ್ ಮೋಡ್‌ನಲ್ಲಿ ಐದನೇ ಪೋರ್ಟನ್ನು ಒಂಟಿ ರೇಡ್0 ಮಾಡಿ ಬೂಟ್ ಮಾಡಿಸಬಹುದು, ಆದರೆ ಆಗ ಉಳಿದ ನಾಲ್ಕೂ ಆ ಕಂಟ್ರೋಲರ್‌ನ ಮುಸುಕಿನ ಹಿಂದೆ ಹೋಗುತ್ತವೆ, ಝಡ್‌ಎಫ್‌ಎಸ್‌ಗೆ ಒಳ್ಳೆಯದಲ್ಲ. ಈ ಗೊಡವೆಗೆ ಸಿದ್ಧರಿರುವವರಿಗೆ ಅಡ್ಡಿಯಿಲ್ಲ. ಮೊದಲ ಸರ್ವರ್‌ಗೆ ಬೇಡ.

#15 ಬಯಲುಗಾಳಿ

ಡಿಸ್ಕ್ ಬಂದ ಕೂಡಲೇ ಡೇಟಾ ತುಂಬಬೇಡಿ. ಮೊದಲು ಸ್ಮಾರ್ಟ್ ಲಾಂಗ್ ಟೆಸ್ಟ್, ಆಮೇಲೆ ಬ್ಯಾಡ್‌ಬ್ಲಾಕ್ಸ್ ಬರೆಯುವ ಪರೀಕ್ಷೆ, ಬ್ಲಾಕ್ ಗಾತ್ರ 4096 ಎಂದು ಕೊಟ್ಟು. ನಾಲ್ಕು ವಿನ್ಯಾಸ ಬರೆದು ನಾಲ್ಕು ಸಲ ಓದುತ್ತದೆ; 8 ಟಿಬಿಯನ್ನು ಒಮ್ಮೆ ಬರೆಯಲು ಅಥವಾ ಒಮ್ಮೆ ಓದಲು 12–13 ಗಂಟೆ, ಎಂಟು ಸಲಕ್ಕೆ ಒಟ್ಟು ನಾಲ್ಕು ದಿನದ ಮೇಲೆ. ನಾಲ್ಕೂ ಡಿಸ್ಕ್ ಒಟ್ಟಿಗೆ ನಡೆಸಿ, ಶಾಖದ ಪರೀಕ್ಷೆಯೂ ಆಗುತ್ತದೆ. 45 ಡಿಗ್ರಿ ದಾಟಿದರೆ ಮುಂದಿನ ಫ್ಯಾನ್ ಸಾಲದು. ಕಲಬುರಗಿ, ರಾಯಚೂರು ಕಡೆ ಮೇ ತಿಂಗಳಲ್ಲಿ ಕೋಣೆಯೇ 40 ಇರುವಾಗ 120 ಎಂಎಂ ಫ್ಯಾನ್ ಡಿಸ್ಕ್‌ಗಳ ಎದುರಿಗೇ ಇರಬೇಕು.

ಪರೀಕ್ಷೆ ಮುಗಿದ ಮೇಲೆ ಸ್ಮಾರ್ಟ್‌ನ 5, 197, 198ನೇ ಸಾಲುಗಳು (ಕೆಟ್ಟ ಜಾಗಗಳ ಲೆಕ್ಕ) ಸೊನ್ನೆ ಇರಬೇಕು. ಇಲ್ಲವಾದರೆ ಡಿಸ್ಕ್ ವಾಪಸ್. 199 ಏರುತ್ತಿದ್ದರೆ ಡಿಸ್ಕ್ ವಾಪಸ್ ಕಳಿಸಬೇಡಿ, ಅದು ಕೇಬಲ್‌ನ ದೂರು. ಕೇಬಲ್ ಬದಲಿಸಿ. ಆ ಸಂಖ್ಯೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು.

#16 ತೋಟದದಾರಿ

ಎಲ್ಲರಿಗೂ ಧನ್ಯವಾದ. ಪಟ್ಟಿ ಹೀಗಾಯಿತು: ರೈಜನ್ ಪ್ರೊ 5650ಜಿ, 6 ಸಾಟಾ ಪೋರ್ಟ್‌ನ ಬಿ550 ಬೋರ್ಡ್, 16 ಜಿಬಿ ಇಸಿಸಿ ಯುಡಿಐಎಂಎಂ, 8 ಟಿಬಿಯ ಸಿಎಂಆರ್ ಡಿಸ್ಕ್ 5: ಒಳಗೆ ಝಡ್2ರಲ್ಲಿ 4, ಹೊರಗೆ ಬ್ಯಾಕಪ್‌ಗೆ 1. ಬೂಟ್‌ಗೆ 128 ಜಿಬಿ ಎಸ್‌ಎಸ್‌ಡಿ. ಆ್ಯಪ್‌ಗಳಿಗೆ ಎರಡನೇ ಎಂ.2ನಲ್ಲಿ 500 ಜಿಬಿ. 400 ವ್ಯಾಟ್ ಪವರ್ ಸಪ್ಲೈ. ಯುಎಸ್‌ಬಿ ಇರುವ 600 ವಿಎ ಯುಪಿಎಸ್.

#17 ಸಣ್ಣಬೆಸುಗೆ

400 ವ್ಯಾಟ್ ಸಾಕು. ಒಂದು ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್‌ನಲ್ಲಿ 2 ಆಂಪಿಯರ್ ಎಳೆಯುತ್ತದೆ, ನಾಲ್ಕಕ್ಕೆ 96 ವ್ಯಾಟ್, ಕೆಲವೇ ಸೆಕೆಂಡ್.

ಆದರೆ ಎರಡನೇ ಎಂ.2 ಎಂದಿರಲ್ಲ, ಅಲ್ಲಿ ನಿಲ್ಲಿ. ಬಹಳಷ್ಟು ಬಿ550 ಬೋರ್ಡ್‌ಗಳಲ್ಲಿ ಎರಡನೇ ಎಂ.2ಗೆ ಏನಾದರೂ ಹಾಕಿದರೆ ಸಾಟಾ 5 ಮತ್ತು 6 ಸತ್ತುಹೋಗುತ್ತವೆ. 4 ಡಿಸ್ಕ್, 1 ಬೂಟ್ ಎಸ್‌ಎಸ್‌ಡಿ ಎಂದರೆ ನಿಮಗೆ 5 ಬೇಕು. ಬೋರ್ಡ್ ಹಣ ಕೊಡುವ ಮೊದಲು ಕೈಪಿಡಿಯ ಪಿಡಿಎಫ್ ಇಳಿಸಿ, ಎಂ.2 ಪುಟದ ಕೆಳಗೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿ. ಆ್ಯಪ್‌ಗಳ 500 ಜಿಬಿಯನ್ನು ಪ್ರೊಸೆಸರ್‌ಗೆ ಹತ್ತಿರದ ಮೊದಲ ಎಂ.2ಗೆ ಹಾಕಿ, ಎರಡನೆಯದನ್ನು ಖಾಲಿ ಬಿಡಿ. ಡಿಸ್ಕ್ ಒಳಗೆ ಕೂರಿಸುವ ಮೊದಲು ಪ್ರತಿಯೊಂದರ ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಕ್ಷರ ಚೀಟಿಯಲ್ಲಿ ಬರೆದು, ಕ್ಯಾಬಿನೆಟ್ ತೆರೆದರೆ ಕಾಣುವ ಅಂಚಿಗೆ ಅಂಟಿಸಿ. ಕೆಟ್ಟ ಡಿಸ್ಕ್ ಯಾವುದೆಂದು ಟ್ರೂನಾಸ್ ಸೀರಿಯಲ್ ನಂಬರ್‌ನಿಂದಲೇ ಹೇಳುತ್ತದೆ.